ಮೂಟೆಯ ನಡುವಿನ ಕಾರ್ಡು

ನಮ್ಮ ಕಾಲೇಜಿನ ಲೈಬ್ರರಿಯನ್ನು ಯಾರು ಕಟ್ಟಿದ್ದು ಎಂದು ಕೇಳಿದರೆ ಎಲ್ಲರೂ ಬಾಗಿಲ ಪಕ್ಕದ ಕಲ್ಲು ತೋರಿಸುತ್ತಾರೆ. ಅದರ ಮೇಲೆ ಕಮಿಟಿಯ ಹನ್ನೊಂದು ಜನರ ಹೆಸರಿದೆ. ಆ ಹನ್ನೊಂದರಲ್ಲಿ ಒಬ್ಬರಾದರೂ ಪುಸ್ತಕ ವಾಪಸ್ ತಂದುಕೊಟ್ಟಿದ್ದನ್ನು ನಾನು ಕಂಡಿಲ್ಲ. ಮೂವರು ತೆಗೆದುಕೊಂಡು ಹೋಗಿದ್ದನ್ನು ಮಾತ್ರ ಕಂಡಿದ್ದೇನೆ. ಕಡೂರಿನಲ್ಲಿ ಹತ್ತೊಂಬತ್ತು ವರ್ಷದಿಂದ ಲೈಬ್ರೇರಿಯನ್ ಆಗಿರುವ ಮಲ್ಲಿಕಾಂಬ ನಾನು, ಹೇಳುತ್ತೇನೆ ಕೇಳಿ. ಆ ಲೈಬ್ರರಿಯ ಮಾನ ಉಳಿಸಿದವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವನು ಸಿಂಗಟಗೆರೆಯ ಕರಿಸಿದ್ದಪ್ಪ, ನಮ್ಮ ಅಟೆಂಡರ್. ನನ್ನ ಕೋಪ ಊರಿಗೆಲ್ಲ ಗೊತ್ತಿರುವುದೇ. ಆ ಕೋಪವನ್ನು ಹದಿನೇಳು ವರ್ಷ ಮುಖ ಸಿಂಡರಿಸದೆ ತಡೆದುಕೊಂಡವನು ಅವನೊಬ್ಬನೇ.

ಲೈಬ್ರರಿಗೆ ಬರುವ ಮುಂಚೆ ಕರಿಸಿದ್ದಪ್ಪ ಕಡೂರಿನ ಒಂದು ಕಾಳಿನ ಮಂಡಿಯಲ್ಲಿ ಸ್ಯಾಂಪಲ್ ತೆಗೆಯುತ್ತಿದ್ದ. ರೈತರ ಮೂಟೆ ಬಂದಾಗ, ತುದಿ ಚೂಪಾದ ಟೊಳ್ಳು ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿ ಒಂದು ಹಿಡಿ ಕಾಳು ಎಳೆಯಬೇಕು. ಅದನ್ನು ಅಂಗೈ ಮೇಲೆ ಹರಡಿ, ಒಮ್ಮೆ ಊದಿ, ಕಲ್ಲೆಷ್ಟು ಜೊಳ್ಳೆಷ್ಟು ಎಂದು ಹೇಳಬೇಕು. ಮೇಲಿನ ಕಾಳು ಯಾವಾಗಲೂ ಚೆನ್ನಾಗಿರುತ್ತದೆ, ಯಾಕೆಂದರೆ ಅದನ್ನು ಇಟ್ಟಿರುವುದೇ ನೋಡಲಿ ಎಂದು. ಅಲ್ಲಿ ಅವನು ಹೇಳಿದ್ದೇ ಕೊನೆಯ ಮಾತು. ಒಂದು ಸಲ ಹೆಂಡತಿ ಕೆಂಚಮ್ಮನ ಅಣ್ಣ ಈರಣ್ಣನೇ ಹುರುಳಿ ಮೂಟೆ ತಂದ. ಕರಿಸಿದ್ದಪ್ಪ ಕೊಳವೆ ಚುಚ್ಚಿ, ಊದಿ, ಇಡೀ ಮಂಡಿಗೆ ಕೇಳುವ ಹಾಗೆ 'ಕಲ್ಲು' ಎಂದುಬಿಟ್ಟ. ಈರಣ್ಣ ಒಂದು ವರ್ಷ ತಂಗಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಕೆಂಚಮ್ಮ ಒಂದು ತಿಂಗಳು ಗಂಡನಿಗೆ ಮುದ್ದೆ ಹಾಕಿದಳು, ಮಾತು ಹಾಕಲಿಲ್ಲ. ಮುಂದೆ ಮಂಡಿಯ ಯಜಮಾನರು ತೀರಿಕೊಂಡು ಅಂಗಡಿ ಮುಚ್ಚಿತು. ೧೯೬೭ರಲ್ಲಿ ಯಾರೋ ಕಮಿಟಿಯವರಿಗೆ ಹೇಳಿ ಇವನನ್ನು ಕಾಲೇಜಿಗೆ ಸೇರಿಸಿದರು, ಹಂಗಾಮಿಯಾಗಿ.

ನಾನು ಬಂದದ್ದು ೧೯೭೦ರಲ್ಲಿ. ಮೊದಲ ವಾರವೇ ಅವನನ್ನು ಓಡಿಸಿಬಿಡಬೇಕು ಅನ್ನಿಸಿತ್ತು. ಪುಸ್ತಕವನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದ. ಹುಡುಗಿಯೊಬ್ಬಳು ಕಾದಂಬರಿ ತೆಗೆದುಕೊಳ್ಳಲು ಬಂದರೆ, "ಇದು ಜೊಳ್ಳು ಕಣವ್ವ, ಪಕ್ಕದ್ದು ತಗೋ" ಎನ್ನುತ್ತಿದ್ದ. ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದಿಟ್ಟು, ಬೇಳೆ ಆರಿಸುವ ಹಾಗೆ ಹೋಲಿಸುತ್ತಿದ್ದ. ಆದರೆ ವಾಪಸ್ ಬಂದ ಪುಸ್ತಕವನ್ನು ಅವನು ಯಾವತ್ತೂ ಮೊದಲ ಪುಟದಿಂದ ತೆರೆಯಲಿಲ್ಲ. ಸೀದಾ ನಡುವೆ ಬೆರಳು ಹಾಕುತ್ತಿದ್ದ. ಎರಡು ತಿಂಗಳಲ್ಲಿ ಹರಿದ ಪುಟ, ಕತ್ತರಿಸಿದ ಚಿತ್ರ, ಒಳಗೆ ಮರೆತ ಪ್ರೇಮಪತ್ರ, ಎಲ್ಲ ಸಿಕ್ಕಿಬಿದ್ದವು. ಪ್ರೇಮಪತ್ರಗಳನ್ನು ಮಾತ್ರ ನನಗೆ ತೋರಿಸದೆ ಆಯಾ ಹುಡುಗಿಯರಿಗೆ ಕೊಟ್ಟುಬಿಡುತ್ತಿದ್ದ ಎಂದು ಆಮೇಲೆ ತಿಳಿಯಿತು.

ಈಗ ೧೯೭೫ರ ಜನವರಿಗೆ ಬನ್ನಿ. ಯೂನಿವರ್ಸಿಟಿಯಿಂದ ಕಾಗದ ಬಂತು, ಫೆಬ್ರವರಿಯ ಮೊದಲ ಗುರುವಾರ ತನಿಖೆ ಎಂದು. ಐದು ಸಾವಿರ ಪುಸ್ತಕಕ್ಕೂ ಕ್ಯಾಟಲಾಗ್ ಕಾರ್ಡು ಇರಬೇಕು, ಯಾರ ಪುಸ್ತಕ ಕೇಳಿದರೂ ಡ್ರಾಯರ್ ಎಳೆದು ಹುಡುಕುವಂತಿರಬೇಕು. ಹಾಗಿದ್ದರೆ ಲೈಬ್ರರಿಗೆ ಒಂದು ಕಾಯಂ ಅಟೆಂಡರ್ ಹುದ್ದೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಆ ಹುದ್ದೆಗೆ ಕಳಿಸುವ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು, ಕರಿಸಿದ್ದಪ್ಪನದು. ಎಂಟು ವರ್ಷ ಹಂಗಾಮಿಯಾಗಿ ಕಳೆದಿದ್ದ. ವಯಸ್ಸು ನಲವತ್ತಾರು. ಈ ಸಲ ತಪ್ಪಿದರೆ ಇನ್ನೊಂದು ತನಿಖೆ ಯಾವ ಕಾಲಕ್ಕೋ. ಕೆಂಚಮ್ಮ ಆಗಲೇ ಮನೆದೇವರಿಗೆ ಹರಕೆ ಕಟ್ಟಿಕೊಂಡಿದ್ದಳು.

ಆಗ ನಮ್ಮಲ್ಲಿದ್ದ ಕಾರ್ಡುಗಳ ಸಂಖ್ಯೆ ಎಷ್ಟು ಎಂದರೆ ಹೇಳಲು ನಾಚಿಕೆ. ನಾನೊಬ್ಬಳು, ಕೈ ಎರಡು. ಪ್ರಿನ್ಸಿಪಾಲರು ಕೆಲಸವನ್ನು ಹೊರಗೆ ಕೊಡೋಣ ಎಂದರು. ತರೀಕೆರೆಯಲ್ಲಿ ಸೋಮಶೇಖರಪ್ಪ ಎಂಬುವವರ ಪ್ರೆಸ್ಸಿತ್ತು. ಜೊತೆಗೆ ಎರಡು ಕನ್ನಡ ಟೈಪ್‌ರೈಟರು, ಒಂದು ಇಂಗ್ಲಿಷಿನದು. ಮೂರು ತಾಲ್ಲೂಕಿನ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡು ಎಲ್ಲ ಅಲ್ಲೇ ಅಚ್ಚಾಗುತ್ತಿದ್ದವು. ನಾನು ಪ್ರತಿ ಪುಸ್ತಕಕ್ಕೂ ಚೀಟಿ ಬರೆದುಕೊಡುವುದು, ಅವರು ನಾನು ಕೊಟ್ಟ ಮಾದರಿಯಂತೆ ಕಾರ್ಡು ಟೈಪ್ ಮಾಡಿಸುವುದು. ಲೇಖಕರ ಹೆಸರು ಮೊದಲು, ಆಮೇಲೆ ಪುಸ್ತಕದ ಹೆಸರು, ಮೂಲೆಯಲ್ಲಿ ನಂಬರು. ಇದರಲ್ಲಿ ತಪ್ಪು ಮಾಡಲು ಏನಿದೆ ಹೇಳಿ.

ಮೊದಲ ಕಂತು ಬಸ್ಸಿನ ಟಾಪ್ ಮೇಲೆ ಬಂತು, ಗೋಣಿಚೀಲದಲ್ಲಿ. ಎರಡು ಸಾವಿರ ಕಾರ್ಡು, ನೂರು ನೂರರ ಕಟ್ಟು. ಮೇಲಿನ ಕಟ್ಟು ಬಿಚ್ಚಿ ನೋಡಿದೆ. ಮುತ್ತು ಪೋಣಿಸಿದ ಹಾಗಿತ್ತು. ಸಂತೋಷದಿಂದ ರಸೀದಿಗೆ ಸಹಿ ಹಾಕಲು ಪೆನ್ನು ತೆಗೆದೆ.

"ತಡೀರಿ ಅಮ್ಮಾವ್ರೆ," ಎಂದ ಕರಿಸಿದ್ದಪ್ಪ. ತೋಳು ಮಡಿಸಿ, ಮೊಣಕೈವರೆಗೂ ಚೀಲದೊಳಗೆ ಕೈ ಇಳಿಸಿ, ನಡುವಿನಿಂದ ಒಂದು ಕಟ್ಟು, ತಳದಿಂದ ಒಂದು ಕಟ್ಟು ಎಳೆದ. ಮೇಜಿನ ಮೇಲೆ ಹರಡಿ, ಹಳೇ ಅಭ್ಯಾಸದಂತೆ ಊದಿದ. ಆಮೇಲೆ ನನ್ನ ಮುಖ ನೋಡಿದ. "ಎಲ್ಲಾ ಒಂದೇ ಡ್ರಾಯರಿಗೆ ಹೋಯ್ತವೆ ಕಣ್ರಮ್ಮ."

ನೋಡಿದೆ. ಶ್ರೀ ತಮ್ಮಯ್ಯ. ಶ್ರೀಮತಿ ಸಾವಿತ್ರಮ್ಮ. ಶ್ರೀ ರಂಗಯ್ಯ. ಕಾರ್ಡುಗಳನ್ನು ಅಕ್ಷರದ ಪ್ರಕಾರ ಜೋಡಿಸಬೇಕು. ಇಲ್ಲಿ ಎಲ್ಲರೂ ಶಕಾರಕ್ಕೆ ಬಂದು ಕೂತಿದ್ದರು. ಇಂಗ್ಲಿಷ್ ಲೇಖಕರನ್ನೂ ಬಿಟ್ಟಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಅವರಿಗೂ ಶ್ರೀ. ಮೂವತ್ತೆರಡು ಡ್ರಾಯರುಗಳಲ್ಲಿ ಎರಡು, ಕನ್ನಡದ್ದೊಂದು ಇಂಗ್ಲಿಷಿನದೊಂದು, ಒಡೆದುಹೋಗುವಷ್ಟು ತುಂಬಿ, ಉಳಿದದ್ದರಲ್ಲಿ ಜಿರಲೆ ಸಾಕಬಹುದಿತ್ತು. ನನಗೆ ಮೈಯೆಲ್ಲ ಉರಿಯಿತು. ಮಾರನೇ ದಿನವೇ ಕರಿಸಿದ್ದಪ್ಪನನ್ನು ಕರೆದುಕೊಂಡು, ಚೀಲ ಹೊರಿಸಿಕೊಂಡು, ತರೀಕೆರೆ ಬಸ್ಸು ಹತ್ತಿದೆ.

ಸೋಮಶೇಖರಪ್ಪನವರು ವಿಭೂತಿ ಹಚ್ಚಿಕೊಂಡು, ಅಚ್ಚುಮೊಳೆಗಳ ನಡುವೆ ಮಠದ ಸ್ವಾಮಿಗಳ ಹಾಗೆ ಕೂತಿದ್ದರು. ನಾನು ಬೈದಿದ್ದನ್ನೆಲ್ಲ ಸಮಾಧಾನವಾಗಿ ಕೇಳಿದರು.

"ಮೊದಲ ನೂರು ಕಾರ್ಡು ನೀವ್ ಹೇಳ್ದಂಗೇ ಬೋಳಾಗಿ ಹೊಡೆಸ್ದೆ ತಾಯಿ. ಆಮೇಲೆ ಮನಸ್ಸು ತಡೀಲಿಲ್ಲ. ಅಷ್ಟು ದೊಡ್ಡ ಪುಸ್ತಕ ಬರ್ದೋರ್ನ, ಮನೆ ಆಳಿನ್ ಕರ್ದಂಗೆ ಬರೀ ತಮ್ಮಯ್ಯ ಅನ್ನೋದಾ? ಆ ನೂರು ಬಿಟ್ರೆ, ಮೂವತ್ತು ವರ್ಷದಲ್ಲಿ ಈ ಪ್ರೆಸ್ಸಿಂದ ಒಬ್ಬರ ಹೆಸರೂ ಬೋಳಾಗಿ ಹೋಗಿಲ್ಲ."

"ಈ ಇಂಗ್ಲಿಷ್ ನಾಟಕಕಾರನಿಗೂ ಶ್ರೀ ಹಾಕಿದ್ದೀರಲ್ಲ, ಅವನು ಸತ್ತು ಮುನ್ನೂರೈವತ್ತು ವರ್ಷ ಆಯಿತು," ಎಂದೆ.

ಸೋಮಶೇಖರಪ್ಪನವರ ಮುಖ ಸಪ್ಪಗಾಯಿತು. "ಹೌದಾ. ಹಂಗಾದ್ರೆ ದಿವಂಗತ ಅಂತ ಹಾಕ್ಬೇಕಿತ್ತು. ತಪ್ಪಾಯ್ತು ತಾಯಿ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಗ ಕರಿಸಿದ್ದಪ್ಪ ಹೆಗಲ ಮೇಲಿನ ಟವಲ್ಲು ತೆಗೆದು ಸೋಮಶೇಖರಪ್ಪನವರ ಬಲಗೈ ಮೇಲೆ ಹೊದಿಸಿ, ತನ್ನ ಕೈಯನ್ನೂ ಅದರಡಿ ಇಟ್ಟ. ಮಂಡಿಯಲ್ಲಿ, ದನದ ಸಂತೆಯಲ್ಲಿ ವ್ಯವಹಾರ ಹೀಗೇ. ಬೆರಳು ಹಿಡಿದು ಲೆಕ್ಕ ಹೇಳುವುದು, ಸುತ್ತ ನಿಂತವರಿಗೆ ಗೊತ್ತಾಗದ ಹಾಗೆ. ಟವಲ್ಲು ಸ್ವಲ್ಪ ಹೊತ್ತು ಅಲ್ಲಾಡಿತು. ಸೋಮಶೇಖರಪ್ಪನವರು ಒಮ್ಮೆ ನಿಟ್ಟುಸಿರು ಬಿಟ್ಟರು, ಒಮ್ಮೆ ತಲೆ ಅಲ್ಲಾಡಿಸಿದರು, ಕೊನೆಗೆ ಹೂಂ ಎಂದರು.

"ಹೆಸರು ಮುಂದೆ, ಶ್ರೀ ಹಿಂದೆ," ಎಂದ ಕರಿಸಿದ್ದಪ್ಪ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು. "ತಮ್ಮಯ್ಯ, ಶ್ರೀ. ತೀರ್ಕಂಡೋರಿಗೆ ಹೆಸರಿನ ಹಿಂದೆ ದಿವಂಗತ, ನಮ್ಮೋರಾದ್ರೆ ಲಿಂಗೈಕ್ಯ. ಕಾರ್ಡು ಅಕ್ಷರದ ಪ್ರಕಾರ ಕೂರ್ತವೆ, ಅವರ ಮರ್ಯಾದೇನೂ ಉಳೀತದೆ. ಹಾಳಾಗಿದ್ದನ್ನ ಅವರೇ ಹೊಸದಾಗಿ ಹೊಡೆಸಿಕೊಡ್ತಾರೆ."

ದಾರಿಯಲ್ಲಿ ಕೇಳಿದೆ, ಅಲ್ಲಯ್ಯಾ, ಇಷ್ಟಕ್ಕೆ ಟವಲ್ಲು ಯಾಕೆ, ಬಾಯಲ್ಲಿ ಹೇಳಬಾರದಿತ್ತೇ ಎಂದು. "ಎಷ್ಟು ಕಾರ್ಡು ಕೆಟ್ಟಿದ್ವು ಅಂತ ಅವರ ಟೈಪಿಸ್ಟ್ ಹೆಣ್ಮಕ್ಳ ಎದುರಿಗೆ ಹೇಳಿದ್ರೆ, ನಾಳೆಯಿಂದ ಅವರ ಮಾತು ಯಾರು ಕೇಳ್ತಾರಮ್ಮ," ಎಂದ. ನಾನು ಅಲ್ಲಿ ಅರ್ಧ ಗಂಟೆ ಕೂಗಾಡಿದ್ದು ನೆನಪಾಗಿ ಕಿಟಕಿಯಾಚೆ ನೋಡಿದೆ.

ಅಲ್ಲಿಂದ ಮುಂದೆ ಒಂದು ಕ್ರಮ ಮಾಡಿದೆ. ಬಂದ ಪ್ರತಿ ಮೂಟೆಯಿಂದ ಕರಿಸಿದ್ದಪ್ಪ ಮೂವತ್ತು ಕಾರ್ಡು ತೆಗೆಯಬೇಕು, ಪುಸ್ತಕದ ಜೊತೆ ಹೋಲಿಸಬೇಕು, ಸರಿಯಿದ್ದರೆ ರಸೀದಿಯಲ್ಲಿ ಪರಿಶೀಲಿಸಿದವರು ಎಂಬಲ್ಲಿ ಸಹಿ ಹಾಕಬೇಕು. ಅವನ ಸಹಿ ಬೀಳದೆ ಮೂಟೆ ಒಳಗೆ ಬರುವಂತಿಲ್ಲ. ಲೆಕ್ಕ ಅವನದೇ, ಮಂಡಿಯದು. ತಪ್ಪು ಕಾರ್ಡು ಎಂದರೆ ಕಲ್ಲು. ಮೂವತ್ತಕ್ಕೆ ಎರಡು ಕಲ್ಲು ಸಿಕ್ಕರೆ ಆ ಎರಡನ್ನು ಸರಿಮಾಡಿಸಿ ಮೂಟೆ ಪಾಸು. ಮೂರು ಸಿಕ್ಕರೆ ಇಡೀ ಮೂಟೆ ವಾಪಸ್ಸು. ಪ್ರಿನ್ಸಿಪಾಲರಿಗೂ ಇದು ಬಹಳ ಹಿಡಿಸಿ, ತಮ್ಮದೇ ಉಪಾಯ ಎಂದು ಕಮಿಟಿಗೆ ಹೇಳಿಕೊಂಡರು.

ಒಂದೊಂದಾಗಿ ಮೂಟೆಗಳು ಬಂದವು, ಪಾಸಾದವು. ಕೊನೆಯ ಮೂಟೆ, ಸಾವಿರದ ಇನ್ನೂರು ಕಾರ್ಡಿನದು, ತನಿಖೆಗೆ ಐದು ದಿನ ಇರುವಾಗ ಶನಿವಾರ ಬಂತು. ಕರಿಸಿದ್ದಪ್ಪ ಮೂವತ್ತು ತೆಗೆದ. ಒಂದು ಕಲ್ಲು ತಕ್ಷಣ ಸಿಕ್ಕಿತು. ಏಳುನೂರು ವರ್ಷದ ಹಿಂದಿನ ಕವಿಯೊಬ್ಬರಿಗೆ ಶ್ರೀ ಬಿದ್ದಿತ್ತು. ಅವರು ತೀರಿಕೊಂಡ ಸುದ್ದಿ ತರೀಕೆರೆಗೆ ತಲುಪಿರಲಿಲ್ಲ. ಎರಡನೆಯದು, ಆರೋಗ್ಯದ ಮೇಲೆ ಪುಸ್ತಕ ಬರೆದ ಬೀರೂರಿನ ಡಾಕ್ಟರು. ಅವರಿಗೆ ದಿವಂಗತ ಹಾಕಿದ್ದರು. "ಇವರು ಹೋದ ವಾರ ನಮ್ಮ ಕೆಂಚಮ್ಮಂಗೆ ಇಂಜೆಕ್ಷನ್ ಕೊಟ್ಟವ್ರೆ," ಎಂದು ಕರಿಸಿದ್ದಪ್ಪ ಆ ಕಾರ್ಡನ್ನು ಪಕ್ಕಕ್ಕಿಟ್ಟ. ಆಮೇಲೆ ಇಪ್ಪತ್ತೆಂಟು ಕಾರ್ಡು ನೋಡಿ, ಒಂದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತ.

ಪಂಚಾಕ್ಷರಪ್ಪ, ಲಿಂಗೈಕ್ಯ ಎಸ್. ಅಜ್ಜಂಪುರದ ನಿವೃತ್ತ ಮೇಷ್ಟ್ರು. ಕೆರೆಗಳ ತೂಬಿನ ಬಗ್ಗೆ ಎಂಬತ್ತು ಪುಟದ ಪುಸ್ತಕ ಬರೆದವರು.

"ಮೂರು ವರ್ಷದ ಹಿಂದೆ ಬಸ್‌ಸ್ಟ್ಯಾಂಡಲ್ಲಿ ನೋಡಿದ್ದೆ ಅಮ್ಮಾವ್ರೆ. ಆವಾಗ ಇದ್ರು," ಎಂದ.

"ಮೂರು ವರ್ಷದಲ್ಲಿ ಏನು ಬೇಕಾದರೂ ಆಗಿರಬಹುದು. ಸಂಶಯ ಇದ್ದರೆ ಆ ಪದವನ್ನ ಕೆರೆದು ಶ್ರೀ ಮಾಡಿಬಿಡು."

"ತೀರ್ಕಂಡಿದ್ರೆ? ಆವಾಗ ಅದೂ ಸುಳ್ಳಾಯ್ತದೆ."

ನೀವೇ ನೋಡಿ ಎಂಥ ಇಕ್ಕಟ್ಟು. ಮೇಷ್ಟ್ರು ಸತ್ತಿದ್ದರೆ ಕಾರ್ಡು ಸರಿ, ಕಲ್ಲು ಎರಡೇ, ಮೂಟೆ ಪಾಸು, ಕರಿಸಿದ್ದಪ್ಪನ ಕೆಲಸ ಕಾಯಂ. ಮೇಷ್ಟ್ರು ಬದುಕಿದ್ದರೆ ಕಲ್ಲು ಮೂರು, ಮೂಟೆ ತರೀಕೆರೆಗೆ ವಾಪಸ್ಸು, ಗುರುವಾರಕ್ಕೆ ಕ್ಯಾಟಲಾಗು ಅರೆಬರೆ, ಹುದ್ದೆ ಇಲ್ಲ. ಒಬ್ಬ ಮನುಷ್ಯನ ಹೊಟ್ಟೆಪಾಡು ಇನ್ನೊಬ್ಬರ ಉಸಿರಿನ ಮೇಲೆ ನಿಂತಿತ್ತು.

ಸೋಮವಾರ ಪ್ರಿನ್ಸಿಪಾಲರಿಗೆ ವಿಷಯ ಗೊತ್ತಾಗಿ ಇಬ್ಬರನ್ನೂ ಕರೆಸಿದರು. "ಸತ್ತಿದ್ದಾರೆ ಅಂತ ತಿಳ್ಕೊಂಡು ಸಹಿ ಹಾಕಯ್ಯಾ. ನಾಳೆ ನಾಡಿದ್ದು ಸಾಯೋರೇ ತಾನೆ," ಎಂದರು.

"ನೋಡದೆ ಹೆಂಗೆ ಹಾಕ್ಲಿ ಸಾರ್."

"ಇವತ್ತು ಸಂಜೆ ಒಳಗೆ ಸಹಿ ಬೀಳದೇ ಇದ್ರೆ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕ್ತೀನಿ."

ಕರಿಸಿದ್ದಪ್ಪ ಕೈಕಟ್ಟಿ ನಿಂತೇ ಇದ್ದ. ಹೊರಗೆ ಬಂದ ಮೇಲೆ ನಾನು ಅವನಿಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಎಂಟು ವರ್ಷ ಕಾದು, ದಡ ಮುಟ್ಟುವಾಗ ದೋಣಿಗೆ ತೂತು ಕೊರೆಯುತ್ತೀಯಾ, ನಿನ್ನ ಹೊಟ್ಟೆ ಮೇಲೆ ನೀನೇ ಹೊಡೆದುಕೊಳ್ಳುತ್ತೀಯಾ, ಕೆಂಚಮ್ಮನ ಮುಖ ನೋಡಿಯಾದರೂ ಹಾಕಬಾರದೇ ಎಂದೆ. ನಿಜ ಹೇಳುತ್ತೇನೆ, ಅವನ ಜಾಗದಲ್ಲಿ ನಾನಿದ್ದಿದ್ದರೆ ಶನಿವಾರವೇ ಸಹಿ ಹಾಕಿ ಮನೆಗೆ ಹೋಗಿ ಕಾಫಿ ಕುಡಿದಿರುತ್ತಿದ್ದೆ. ಮೈಸೂರಿನಲ್ಲಿ ಲೈಬ್ರರಿ ಪಾಠ ಕಲಿತು ಬಂದವಳು ನಾನು.

"ನಾಳೆ ಒಂದು ದಿನ ರಜ ಕೊಡಿ ಅಮ್ಮಾವ್ರೆ," ಎಂದ. ಸಂಜೆ ಪ್ರಿನ್ಸಿಪಾಲರು ನೀಲಿ ಪೆನ್ಸಿಲ್ಲಿನಿಂದ ಪಟ್ಟಿಯ ಏಕೈಕ ಹೆಸರಿನ ಮೇಲೆ ಗೆರೆ ಎಳೆದರು.

ಮಂಗಳವಾರ ಬೆಳಿಗ್ಗೆ ಲೈಬ್ರರಿಯ ಬೀಗ ನಾನೇ ತೆಗೆಯಬೇಕಾಯಿತು. ಅವನ ಸ್ಟೂಲು ಖಾಲಿ ಇತ್ತು. ಸ್ಟೂಲು ನೋಡಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಾಗಿಲು ಹಾಕಿ ತರೀಕೆರೆಗೆ ಹೋಗಿ ಸೋಮಶೇಖರಪ್ಪನವರ ಮುಂದೆ ನಿಂತೆ. ಈ ಸಲ ಕೂಗಾಡಲಿಲ್ಲ. ಪಂಚಾಕ್ಷರಪ್ಪ ಮೇಷ್ಟ್ರು ಹೋಗಿದ್ದಾರೆ ಎಂದು ಯಾರು ಹೇಳಿದರು ಎಂದು ಮೆಲ್ಲಗೆ ಕೇಳಿದೆ.

"ಯಾರೂ ಹೇಳ್ಲಿಲ್ಲ. ಲೆಕ್ಕ ಹಾಕ್ದೆ," ಎಂದರು. "ಹನ್ನೆರಡು ವರ್ಷದಿಂದ ಆ ಮನೆಯಿಂದ ನಮ್ಮ ಪ್ರೆಸ್ಸಿಗೆ ಒಂದು ಲಗ್ನಪತ್ರಿಕೆ ಬಂದಿಲ್ಲ, ಗೃಹಪ್ರವೇಶ ಇಲ್ಲ, ನಾಮಕರಣ ಇಲ್ಲ. ಇನ್ನೇನು ತಿಳ್ಕೊಳ್ಳೋದು ತಾಯಿ. ಆ ಬೀರೂರು ಡಾಕ್ಟರದ್ದೂ ಅಷ್ಟೇ."

ಅವರಿಗೆ ಕರಿಸಿದ್ದಪ್ಪನ ವಿಷಯ ಹೇಳಿದೆ. ಹೆಸರು ಹೊಡೆದದ್ದನ್ನೂ ಹೇಳಿದೆ. ಸೋಮಶೇಖರಪ್ಪನವರು ಎದ್ದು, ಒಳಗೆ ಹೋಗಿ, ಅರ್ಧ ಡಜನ್ ಬ್ಲೇಡು ತಂದು ಜೇಬಿಗೆ ಹಾಕಿಕೊಂಡು, ನಡೀರಿ ಎಂದರು. ಆ ದಿನ ಮಧ್ಯಾಹ್ನ ಅವರು ಕಡೂರಿನ ಲೈಬ್ರರಿಯಲ್ಲಿ ಕೂತು ಮೂಟೆಯ ಪ್ರತಿ ಕಾರ್ಡನ್ನೂ ನನ್ನೊಡನೆ ನೋಡಿದರು. ಗೊತ್ತಿದ್ದ ತಪ್ಪುಗಳನ್ನು ಮೊದಲು ತಿದ್ದಿದೆವು. ಸತ್ತಿದ್ದು ಖಾತ್ರಿ ಇದ್ದವರನ್ನು ಬಿಟ್ಟೆವು. ಬದುಕಿದ್ದು ಖಾತ್ರಿ ಇದ್ದವರನ್ನು ಬಿಟ್ಟೆವು. ಗೊತ್ತಿಲ್ಲದವರ ಕಾರ್ಡಿನಿಂದ ಶ್ರೀಯನ್ನೂ ದಿವಂಗತವನ್ನೂ ಎರಡನ್ನೂ ಬ್ಲೇಡಿನಿಂದ ಹುಷಾರಾಗಿ ಕೆರೆದರು. ಹೆಸರು ಬೋಳಾದಾಗಲೆಲ್ಲ ಕಣ್ಣುಮುಚ್ಚಿ, "ತಪ್ಪಾಯ್ತು ಯಜಮಾನ್ರೆ" ಎಂದು ಕಾರ್ಡಿಗೆ ಕೈಮುಗಿಯುತ್ತಿದ್ದರು. ಮೊದಲಿಂದ ನಾನು ಬೇಡಿದ್ದು ಆ ಬೋಳು ಹೆಸರನ್ನೇ ಎಂಬುದನ್ನು ಆ ಹೊತ್ತಿನಲ್ಲಿ ನೆನಪಿಸಲು ನನಗೆ ಮನಸ್ಸಾಗಲಿಲ್ಲ.

ಇಳಿಹೊತ್ತಿಗೆ ಕರಿಸಿದ್ದಪ್ಪ ಬಂದ. ಅಜ್ಜಂಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದಿದ್ದ. ಕಾರ್ಡನ್ನು ಅಂಗಿಯ ಒಳಜೇಬಿನಿಂದ ತೆಗೆದು ನನ್ನ ಮುಂದಿಟ್ಟ.

"ಇದ್ದಾರೆ ಅಮ್ಮಾವ್ರೆ. ಮೂರನೇ ಕ‌ಲ್ಲೇ ಇದು."

"ಹೇಗೆ ಗೊತ್ತಾಯಿತು?"

"ಬಾಗಿಲಲ್ಲಿ ನಿಂತ್ಕಂಡು ಮೇಷ್ಟ್ರು ಮನೇಲಿ ಅವ್ರಾ ಅಂದೆ. ಒಳಗಿಂದ ಅವರೇ, ಯಾರದು ಚಪ್ಲೀಲಿ ಜಗಲಿ ಹತ್ತಿದ್ದು ಅಂತ ಬೈದ್ರು. ಅಲ್ಲಿಗೇ ಗೊತ್ತಾಯ್ತು. ಆದ್ರೂ ಪುಸ್ತಕ ನೋಡ್ದಂಗೆ ಕಾರ್ಡು ಹಿಡ್ಕಂಡು ನೋಡಬೇಕಲ್ಲ, ಅದಕ್ಕೆ ಒಳಗೆ ಹೋಗಿ ಮುಖ ನೋಡಿ, ಹೆಸರು ಕೇಳಿ, ಹೋಲಿಸ್ಕಂಡೆ. ಕಾರ್ಡು ಕೊಟ್ಟೆ. ಓದ್ಕಂಡ್ರು. ಯಾರು ಬರ್ದಿದ್ದು ಅಂದ್ರು. ತರೀಕೆರೆ ಸೋಮಶೇಖರಪ್ಪೋರು ಅಂದೆ." ಇಲ್ಲಿ ಕರಿಸಿದ್ದಪ್ಪ ಪಕ್ಕದಲ್ಲಿ ಬ್ಲೇಡು ಹಿಡಿದು ಕೂತವರನ್ನು ನೋಡಿ ಸ್ವಲ್ಪ ತಡೆದ. "ಹನ್ನೆರಡು ವರ್ಷದ ಹಿಂದೆ ಅವರ ಮಗಳ ಲಗ್ನಪತ್ರಿಕೇಲಿ ಮುಹೂರ್ತದ ದಿನ ತಪ್ಪಾಗಿ ಅಚ್ಚಾಗಿತ್ತಂತೆ. ನೆಂಟರೆಲ್ಲ ಮದುವೆ ಮುಗಿದ ಮಾರನೇ ದಿನ ಬಂದ್ರಂತೆ. ಆವತ್ತಿಂದ ಅವರು ಎಲ್ಲಾ ಶಿವಮೊಗ್ಗದಲ್ಲೇ ಹಾಕಿಸ್ತಾರಂತೆ."

ಸೋಮಶೇಖರಪ್ಪನವರು ಬ್ಲೇಡಿನ ಅಂಚನ್ನೇ ಬಹಳ ಹೊತ್ತು ಪರೀಕ್ಷಿಸಿದರು.

ಕಾರ್ಡು ನೋಡಿದೆ. ಮೇಷ್ಟ್ರು ಲಿಂಗೈಕ್ಯ ಎಂಬುದನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ಇನ್ನೂ ಇಲ್ಲ' ಎಂದು ಬರೆದು, ಕೆಳಗೆ ಸಹಿ, ತಾರೀಖು ಹಾಕಿದ್ದರು. ಕೆಂಪು ಗೀಚಿನ ಕಾರ್ಡನ್ನು ನನ್ನ ಡ್ರಾಯರಿನಲ್ಲಿ ಇಡುವುದೇ ಎಂದು ಸಿಡುಕಬೇಕೆಂದಿದ್ದೆ. ಅಷ್ಟರಲ್ಲಿ ಕರಿಸಿದ್ದಪ್ಪ ತಲೆತಗ್ಗಿಸಿ ಹೇಳಿದ:

"ಹೋಗುವಾಗ ರೈಲಲ್ಲಿ ಒಂದು ಕೆಟ್ಟ ಯೋಚ್ನೆ ಬಂತು ಅಮ್ಮಾವ್ರೆ. ಮೇಷ್ಟ್ರು ಇಲ್ದೇ ಇದ್ರೆ ನನ್ನ ಕೆಲ್ಸ ಉಳೀತದಲ್ಲ ಅಂತ. ಅಜ್ಜಂಪುರದಲ್ಲಿ ಇಳಿದೋನೇ ನಲ್ಲೀಲಿ ಮುಖ ತೊಳ್ಕಂಡೆ."

ಸಿಡುಕುವುದನ್ನು ಬಿಟ್ಟು ಕೆಂಪು ಕಾರ್ಡನ್ನು ಪಕ್ಕಕ್ಕಿಟ್ಟೆ. ಕೆರೆದ ಕಾರ್ಡುಗಳನ್ನು ತೋರಿಸಿದೆ. ಅವನು ಮತ್ತೆ ಮೂವತ್ತು ತೆಗೆದು ನೋಡಿ, "ಗೊತ್ತಿಲ್ದೇ ಇದ್ದದ್ದಕ್ಕೆ ಸುಮ್ನಿರೋದೇ ಸರಿ," ಎಂದು, ಬುಧವಾರದ ಬೆಳಗ್ಗೆ ಸಹಿ ಹಾಕಿದ. ಆ ಸಹಿ ತೆಗೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಓಡಿದೆ. ಪಟ್ಟಿ ಮುಗಿಯಿತು, ಹೊಡೆದ ಮೇಲೆ ಹೊಡೆದ ಹಾಗೆ ಎಂದರು. ಹೆಸರು ಹೊಡೆಸಿಕೊಂಡ ಮನುಷ್ಯ ಇಡೀ ದಿನ ಕೂತು ಆ ಸಾವಿರದ ಇನ್ನೂರು ಕಾರ್ಡನ್ನು ಡ್ರಾಯರಿಗೆ ಜೋಡಿಸಿದ. ಕೆಂಪು ಕಾರ್ಡನ್ನು ಹೊಸದಾಗಿ ಮಾಡಲು ಪುರುಸೊತ್ತಾಗಲಿಲ್ಲ, ಅದೂ ಹಾಗೇ ಒಳಗೆ ಹೋಯಿತು.

ಗುರುವಾರ ಬಂದ ತನಿಖಾಧಿಕಾರಿ ಮೈಸೂರಿನ ಪ್ರೊಫೆಸರು. ಬೆಳ್ಳಗಿನ ಕೂದಲು, ಕಡಿಮೆ ಮಾತು. ಪ್ರಿನ್ಸಿಪಾಲರು ಎಳನೀರು ಹಿಡಿದು ಹಿಂದೆ ಹಿಂದೆ ಓಡಾಡಿದರು. ಪ್ರೊಫೆಸರು ಡ್ರಾಯರಿನ ಮುಂದಿನ ಕಾರ್ಡಿಗೆ ಬೆರಳಿಟ್ಟರು. ಆಗ ಮೂಲೆಯಿಂದ ಕರಿಸಿದ್ದಪ್ಪ, "ಮೇಲಿಂದು ತೆಗೀಬೇಡಿ ಸಾರ್, ನಡುವಿಂದ ತೆಗೀರಿ," ಎಂದ. ಪ್ರಿನ್ಸಿಪಾಲರ ಕೈಯಲ್ಲಿ ಎಳನೀರು ತುಳುಕಿತು. ಪ್ರೊಫೆಸರು ತಿರುಗಿ ಅವನನ್ನು ಒಂದು ಕ್ಷಣ ನೋಡಿ, ನಡುವಿನಿಂದ ಹತ್ತು ಕಾರ್ಡು ತೆಗೆದರು. ಹತ್ತಕ್ಕೂ ಪುಸ್ತಕ ಸರಿಯಾಗಿ ಕಪಾಟಿನಲ್ಲಿ ಸಿಕ್ಕಿತು. ಆಮೇಲೆ, ಈ ಸೀಮೆಯ ಕೆರೆ ತೂಬುಗಳ ಮೇಲೆ ಒಂದು ಸಣ್ಣ ಪುಸ್ತಕವಿತ್ತಲ್ಲ, ಇದೆಯೇ ಎಂದು ತಾವೇ ಪಕಾರದ ಡ್ರಾಯರು ಎಳೆದರು.

ಕೆಂಪು ಕಾರ್ಡು ಕೈಗೆ ಬಂತು.

"ಇದು ಈ ಅಟೆಂಡರ್ ಮಾಡಿದ ಕೆಲಸ ಸಾರ್," ಎಂದರು ಪ್ರಿನ್ಸಿಪಾಲರು ಆತುರವಾಗಿ. "ಕಾರ್ಡಿನ ಮೇಲೆಲ್ಲ ಗೀಚಿಸಿಕೊಂಡು ಬಂದಿದ್ದಾನೆ. ಅವನ ಮೇಲೆ ಆಗಲೇ ಕ್ರಮ ತಗೊಂಡಿದ್ದೀನಿ."

ಪ್ರೊಫೆಸರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಈ ಕೆಂಪು ಅಕ್ಷರದಲ್ಲಿ ನನಗೆ ಎಷ್ಟು ಸೊನ್ನೆ ಬಿದ್ದಿದೆಯೋ ಲೆಕ್ಕವಿಲ್ಲ," ಎಂದರು. "ಹೋಗಿಬಿಟ್ಟರು ಅಂತ ಎರಡು ವರ್ಷದ ಹಿಂದೆ ಯಾರೋ ಹೇಳಿದರು. ನಂಬಿಬಿಟ್ಟೆ. ಮೇಷ್ಟ್ರು ಇದ್ದಾರೇನಪ್ಪಾ?"

"ಮಂಗಳವಾರ ಇದ್ರು ಸಾರ್," ಎಂದ ಕರಿಸಿದ್ದಪ್ಪ. "ಇವತ್ತಿಂದು ನಂಗೆ ಗೊತ್ತಿಲ್ಲ."

ಪ್ರೊಫೆಸರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಏನು ಕ್ರಮ ತಗೊಂಡಿದ್ದೀರಿ ಎಂದು ಪ್ರಿನ್ಸಿಪಾಲರನ್ನು ಕೇಳಿದರು. ಅವರು ತಡವರಿಸಿದರು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ, ಆ ದಿನ ಅದು ಒಳ್ಳೆಯ ಕೆಲಸಕ್ಕೆ ಬಂತು. ಪಟ್ಟಿ ತಂದು ಮುಂದಿಟ್ಟು, "ನೋಡದೇ ಇದ್ದ ಕಾರ್ಡಿಗೆ ಸಹಿ ಹಾಕಲಿಲ್ಲ ಅಂತ ಹೆಸರು ಹೊಡೆದಿದ್ದಾರೆ ಸಾರ್. ಹಾಕು ಅಂತ ಅವನಿಗೆ ಬೈದವರಲ್ಲಿ ನಾನೂ ಒಬ್ಬಳು," ಎಂದೆ. ಪ್ರೊಫೆಸರು ನೀಲಿ ಗೆರೆಯನ್ನು ನೋಡಿ, ತಮ್ಮ ಜೇಬಿನಿಂದ ಕೆಂಪು ಪೆನ್ನು ತೆಗೆದು ಪ್ರಿನ್ಸಿಪಾಲರ ಕೈಗೆ ಕೊಟ್ಟರು. "ನಮ್ಮ ಮೇಷ್ಟ್ರು ಹೇಗೆ ತಿದ್ದಿದ್ದಾರೋ ಹಾಗೇ ತಿದ್ದಿಬಿಡಿ," ಎಂದರು.

ಊಟಕ್ಕೆ ಕಮಿಟಿಯವರು ಹೋಳಿಗೆ ಮಾಡಿಸಿದ್ದರು. ಪ್ರೊಫೆಸರು ಊಟಕ್ಕೆ ನಿಲ್ಲಲಿಲ್ಲ. ಕರಿಸಿದ್ದಪ್ಪನನ್ನು ದಾರಿ ತೋರಿಸಲು ಕರೆದುಕೊಂಡು, ಸಿಕ್ಕ ರೈಲು ಹತ್ತಿ ಅಜ್ಜಂಪುರಕ್ಕೆ ಹೋದರು. ಮಾರನೇ ದಿನ ಏನಾಯಿತು ಎಂದು ಕೇಳಿದೆ. "ಚಪ್ಲೀಲಿ ಜಗಲಿ ಹತ್ತಿದ್ರು ಅಂತ ಅವರಿಗೂ ಬೈದ್ರು," ಎಂದ ಕರಿಸಿದ್ದಪ್ಪ.

ಆದೇಶ ಜೂನ್ ತಿಂಗಳಲ್ಲಿ ಬಂತು. ಕೆಂಚಮ್ಮ ಹರಕೆ ತೀರಿಸಿ, ನನಗೊಂದು ತೆಂಗಿನಕಾಯಿ ತಂದುಕೊಟ್ಟಳು. ಕರಿಸಿದ್ದಪ್ಪ ಹನ್ನೆರಡು ವರ್ಷ ಕಾಯಂ ಅಟೆಂಡರ್ ಆಗಿದ್ದು ೧೯೮೭ರಲ್ಲಿ ನಿವೃತ್ತನಾದ. ಪಂಚಾಕ್ಷರಪ್ಪ ಮೇಷ್ಟ್ರು ಅಷ್ಟರಲ್ಲಿ ನಿಜವಾಗಿಯೂ ಲಿಂಗೈಕ್ಯರಾಗಿದ್ದರು. ಕಾರ್ಡು ಮಾತ್ರ ಈಗಲೂ 'ಇನ್ನೂ ಇಲ್ಲ' ಎನ್ನುತ್ತದೆ. ಅದನ್ನು ತೆಗೆದು ಹೊಸದಿಡು ಎಂದು ಹೇಳುವ ಅಧಿಕಾರ ನನಗಿದೆ, ಮನಸ್ಸಿಲ್ಲ.

ಪೆನ್ಷನ್ ಬರುವವರು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾವು ಬದುಕಿದ್ದೇವೆ ಎಂದು ಒಂದು ಕಾಗದ ಕೊಡಬೇಕು. ಅದರಲ್ಲಿ ಗುರುತಿಸಿದವರು ಎಂದು ಒಂದು ಜಾಗ ಇರುತ್ತದೆ. ಮೊದಲ ವರ್ಷ ಕರಿಸಿದ್ದಪ್ಪ ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತ. ನಾನು ಯಾವುದೋ ಪುಸ್ತಕದ ಬಿಲ್ಲು ನೋಡುತ್ತಿದ್ದೆ. ಅವನ ದನಿ ಕೇಳಿ, ಬಿಲ್ಲಿನಿಂದ ಕಣ್ಣು ತೆಗೆಯದೆ ಕೈಚಾಚಿ ಕಾಗದ ತೆಗೆದುಕೊಂಡು, ಸಹಿ ಹಾಕಿ ವಾಪಸ್ ಕೊಟ್ಟೆ.

ಕಾಗದ ತಿರುಗಿ ನನ್ನ ಮುಂದೆ ಬಂದು ಕೂತಿತು.

"ನೋಡದೆ ಹಾಕ್ಬಿಟ್ರಲ್ಲ ಅಮ್ಮಾವ್ರೆ," ಎಂದ.

ತಲೆ ಎತ್ತಿದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಹೆಗಲ ಮೇಲೆ ಅದೇ ಟವಲ್ಲು. ಹಿಂದಿನ ಸಹಿ ಹೊಡೆದುಹಾಕಿ, ಅವನನ್ನು ಅಡಿಯಿಂದ ಮುಡಿಯವರೆಗೆ ಸರಿಯಾಗಿ ನೋಡಿ, ಹೊಸದಾಗಿ ಸಹಿ ಹಾಕಿದೆ. ಕೆಳಗೆ ತಾರೀಖನ್ನೂ ಬರೆದೆ.